ಇಮರ್ಷನ್ ಸೂಟ್ ವಿಮರ್ಶೆ: ಬಟ್ಟೆ ಚೆನ್ನಾಗಿದೆ, ಜಿಪ್ ಮೇಲೆ ನಂಬಿಕೆ ಇಲ್ಲ

ಕಳೆದ ಸಲ ರಿಪೇರಿಗೆ ಡ್ರೈಡಾಕ್ ಸೇರಿದಾಗ ನಮ್ಮ ಹಡಗಿಗೆ ಹೊಸ ಇಮರ್ಷನ್ ಸೂಟ್‌ಗಳು ಬಂದವು. ಹಡಗು ಬಿಟ್ಟು ತಣ್ಣೀರಿಗೆ ಇಳಿಯಬೇಕಾಗಿ ಬಂದರೆ ಮೈ ಬೆಚ್ಚಗಿಟ್ಟು ತೇಲಿಸುವ ಉಡುಪು ಇದು. ಐದು ಮಿಲಿಮೀಟರ್ ದಪ್ಪದ ನಿಯೋಪ್ರೀನ್ ರಬ್ಬರ್, ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ, ಅಂಗಾಲಿನಿಂದ ನೆತ್ತಿಯವರೆಗೆ ಒಂದೇ ತುಂಡು, ‘ಅಡಲ್ಟ್ ಯೂನಿವರ್ಸಲ್’ ಅನ್ನುವ ಒಂದೇ ಸೈಜು. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೂ ನಿಮಗೆ ಉಪಯೋಗವಿಲ್ಲ. ಹಾಕಿಕೊಳ್ಳುವವನೇ ಅಂಗಡಿಗೆ ಹೋಗಿ ಆರಿಸುವ ರೂಢಿ ಹಡಗಿನಲ್ಲಿಲ್ಲ. ಆಫೀಸಿನಲ್ಲಿ ಕೂತ ಸೂಪರಿಂಟೆಂಡೆಂಟ್ ಕೊಟೇಶನ್ ತರಿಸುತ್ತಾರೆ, ಸರ್ಟಿಫಿಕೇಟ್ ಇದೆಯಾ ನೋಡುತ್ತಾರೆ, ಕಡಿಮೆ ರೇಟಿನವನಿಗೆ ಆರ್ಡರ್ ಕೊಡುತ್ತಾರೆ. ಮುಗಿಯಿತು.

ನಮ್ಮ ಕಾರವಾರ, ಅಂಕೋಲ, ಕುಮಟಾ, ಭಟ್ಕಳದ ಕಡೆಯಿಂದ ಹುಡುಗರು ಹಡಗು ಸೇರುತ್ತಲೇ ಇರುತ್ತಾರೆ. ಕ್ಯಾಬಿನ್ನಿನ ಕಪಾಟಿನಲ್ಲಿ ಅವರಿಗೊಂದು ದಪ್ಪ ಚೀಲ ಸಿಗುತ್ತದೆ. ಕೆಲವರು ಅದರ ಮೇಲೆ ಸೂಟ್‌ಕೇಸ್ ಇಡುತ್ತಾರೆ, ಇನ್ನು ಕೆಲವರು ಅದಕ್ಕೇ ಒರಗಿ ಮೊಬೈಲ್ ನೋಡುತ್ತಾರೆ. ಕಾಂಟ್ರ್ಯಾಕ್ಟ್ ಮುಗಿಯುವವರೆಗೂ ಬಿಚ್ಚಿ ನೋಡದವರಿದ್ದಾರೆ. ಈ ವಿಮರ್ಶೆ ಅವರಿಗೆ. ನಾನು ಥರ್ಡ್ ಆಫೀಸರ್ ಆಗಿದ್ದಾಗ ಲೈಫ್‌ಬೋಟ್, ರಾಫ್ಟ್, ಸೂಟ್ ಎಲ್ಲದರ ಉಸ್ತುವಾರಿ ನನ್ನ ತಲೆಗೇ ಕಟ್ಟಿದ್ದರು. ಈಗ ಬಲ್ಕ್ ಕ್ಯಾರಿಯರ್ (ಕಲ್ಲಿದ್ದಲು, ಧಾನ್ಯದಂಥ ಸರಕನ್ನು ಮೂಟೆ ಕಟ್ಟದೆ ತುಂಬುವ ಹಡಗು) ಒಂದರಲ್ಲಿ ಚೀಫ್ ಆಫೀಸರ್. ಉಸ್ತುವಾರಿ ಬೇರೆಯವರದು, ಕಿರಿಕಿರಿ ಮಾತ್ರ ನನ್ನದೇ.

ಕಂಪನಿಯ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿರುವುದು ‘ಆರು ಗಂಟೆ’. ಅದು ಸುಳ್ಳಲ್ಲ. ಒಳಗೆ ಇನ್ಸುಲೇಶನ್ ಇರುವ ಸೂಟ್ ಹಾಕಿಕೊಂಡವನು ಸೊನ್ನೆಯಿಂದ 2 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 6 ಗಂಟೆ ಇದ್ದರೂ ದೇಹದ ಒಳಗಿನ ಶಾಖ 2 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಆದರೆ ಆರು ಗಂಟೆ ಆದಮೇಲೆ ಏನು? ಸೂಟ್ ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ. ಯಾರೋ ಬರಬೇಕು, ಬಂದು ಎತ್ತಬೇಕು. ಹಾಗಾಗಿ ನಾನು ಸೂಟಿಗೆ ಮಾರ್ಕ್ಸ್ ಕೊಡುವುದು ಬೇರೆ ಲೆಕ್ಕದಲ್ಲಿ. ಕತ್ತಲಲ್ಲಿ, ವಾಲಿದ ಹಡಗಿನಲ್ಲಿ, ಒಬ್ಬನೇ ಇದನ್ನು ಹಾಕಿಕೊಳ್ಳಬಹುದಾ? ಹೆಲಿಕಾಪ್ಟರಿನಿಂದ ಇಳಿದು ಬರುವ ಈಜುಗಾರನ ಕೈಗೆ ನಾನು ಸಿಕ್ಕಾಗ ಅವನ ಕೆಲಸ ಸುಲಭವಾಗುತ್ತದಾ, ಕಷ್ಟವಾಗುತ್ತದಾ?

ಈ ಎರಡನೇ ಪ್ರಶ್ನೆ ಎಲ್ಲಿಂದ ಬಂತು ಅಂದರೆ, ‘ಮರೀನ್ ಎಲೆಕ್ಟ್ರಿಕ್’ ಅನ್ನುವ ಹಡಗಿನಿಂದ. ಬಲ್ಕ್ ಕ್ಯಾರಿಯರ್‌ನಲ್ಲಿ ದುಡಿಯುವವರು ಈ ಹೆಸರನ್ನು ತಿಳಿದಿರಬೇಕು. ಎರಡನೇ ಮಹಾಯುದ್ಧದ ಕಾಲದ ಟ್ಯಾಂಕರನ್ನು ಆಮೇಲೆ ಕಲ್ಲಿದ್ದಲು ಹೊರಲು ಬದಲಾಯಿಸಿದ ಹಡಗು ಅದು. ಸರಕಿನ ಕೋಣೆ ಮುಚ್ಚುವ ಹ್ಯಾಚ್ ಕವರ್‌ಗಳು ತುಕ್ಕು ಹಿಡಿದು ತೂತಾಗಿದ್ದವು, ಆದರೂ ಇನ್‌ಸ್ಪೆಕ್ಷನ್ ಪಾಸಾಗಿತ್ತು. 1983ರ ಫೆಬ್ರವರಿಯಲ್ಲಿ ಅಮೆರಿಕದ ವರ್ಜೀನಿಯಾದಿಂದ ಕಲ್ಲಿದ್ದಲು ತುಂಬಿಕೊಂಡು ಮ್ಯಾಸಚೂಸೆಟ್ಸ್ ಕಡೆ ಹೊರಟಿತು. ದಾರಿಯಲ್ಲಿ ಬಿರುಗಾಳಿ. ಕಷ್ಟದಲ್ಲಿದ್ದ ಮೀನುಗಾರಿಕೆ ದೋಣಿಯೊಂದರ ನೆರವಿಗೆ ಹಿಂದಕ್ಕೆ ತಿರುಗಿದ ಹಡಗು ಕೊನೆಗೆ ತಾನೇ ಮುಳುಗಿತು. ಫೆಬ್ರವರಿ 12ರ ನಸುಕು, ನೀರು ಸುಮಾರು 4 ಡಿಗ್ರಿ. ಹಡಗಿನಲ್ಲಿದ್ದವರು 34 ಜನ. ಎಲ್ಲರಿಗೂ ಲೈಫ್‌ಜಾಕೆಟ್ ಇತ್ತು. ಇಮರ್ಷನ್ ಸೂಟ್ ಒಬ್ಬರಿಗೂ ಇರಲಿಲ್ಲ.

ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬರುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಅದು ಬುಟ್ಟಿ ಇಳಿಸಿತು. ಬುಟ್ಟಿ ಪಕ್ಕಕ್ಕೇ ಬಂದರೂ ನೀರಿನಲ್ಲಿದ್ದವರಿಗೆ ಹಿಡಿದು ಹತ್ತಲು ಆಗಲಿಲ್ಲ, ಕೈಗಳು ಸತ್ತುಹೋಗಿದ್ದವು. ಆಗ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳಲ್ಲಿ ನೀರಿಗೆ ಇಳಿಯುವ ಈಜುಗಾರ ಇರುತ್ತಿರಲಿಲ್ಲ. ನೌಕಾಪಡೆಯ ಹೆಲಿಕಾಪ್ಟರ್ ಕರೆಸಿದರು. ಅದರಲ್ಲಿದ್ದ ಜೇಮ್ಸ್ ಮೆಕ್ಯಾನ್ ಅನ್ನುವ ಈಜುಗಾರ ಆ ನೀರಿಗೆ ಹಾರಿ ಒಬ್ಬೊಬ್ಬರ ಹತ್ತಿರವೂ ಹೋದ. ಕೊನೆಗೆ ಬದುಕಿದ್ದು ಮೂವರು, ಸತ್ತಿದ್ದು 31 ಜನ. ಮರುವರ್ಷ, 1984ರಲ್ಲಿ, ಅಮೆರಿಕದ ಸಂಸತ್ತು ಕೋಸ್ಟ್ ಗಾರ್ಡ್‌ಗೆ ತನ್ನದೇ ರೆಸ್ಕ್ಯೂ ಸ್ವಿಮ್ಮರ್ ಪಡೆ ಇರಬೇಕು ಅಂತ ಕಾನೂನು ಮಾಡಿತು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಓಡುವ ಅಮೆರಿಕದ ಹಡಗುಗಳಿಗೆ ಸೂಟ್ ಕಡ್ಡಾಯ ಮಾಡಿದ್ದೂ ಇದೇ ದುರಂತದ ನಂತರ. ಅಲ್ಲಿ ಸೂಟ್ ಕಡ್ಡಾಯವಾದದ್ದೂ ಕೋಸ್ಟ್ ಗಾರ್ಡ್‌ಗೆ ಈಜುಗಾರರು ಬಂದದ್ದೂ ಒಂದೇ ರಾತ್ರಿಯ ಸಾವುಗಳಿಂದ. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯಲು ನನಗೆ ಬರುವುದಿಲ್ಲ.

ತಣ್ಣೀರಿನ ಲೆಕ್ಕ ಗೊತ್ತಿದ್ದರೆ ಕೈ ಯಾಕೆ ಸಾಯುತ್ತದೆ ಅಂತ ತಿಳಿಯುತ್ತದೆ. ಒಂದು, ಹತ್ತು, ಒಂದು ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಡುತ್ತಾರೆ. ಬಿದ್ದ ಮೊದಲ ಒಂದು ನಿಮಿಷ ಉಸಿರು ಕಟ್ಟಿ ಏದುಸಿರು ಬರುತ್ತದೆ, ಆಗ ನೀರು ಕುಡಿದರೆ ಕಥೆ ಅಲ್ಲೇ ಮುಗಿಯಿತು. ಆಮೇಲಿನ ಹತ್ತು ನಿಮಿಷ ಮಾತ್ರ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಂದರೆ ಸಾಯಲು ಇನ್ನೂ ಹೊತ್ತಿದ್ದರೂ ಹಗ್ಗ ಹಿಡಿಯಲು ಹೊತ್ತಿಲ್ಲ. ಮುಂಬೈಯ ಬೆಚ್ಚಗಿನ ಈಜುಕೊಳದಲ್ಲಿ ಕೋರ್ಸ್ ಮುಗಿಸಿ ಬಂದ ನಮ್ಮ ಹುಡುಗರಿಗೆ ಈ ಹತ್ತು ನಿಮಿಷದ ಅರ್ಥ ಆಗುವುದಿಲ್ಲ. ಅನುಮಾನವಿದ್ದರೆ ಹಡಗಿನ ಅಡುಗೆಮನೆಯಿಂದ ಒಂದು ಬಕೆಟ್ ಐಸ್ ನೀರು ತಂದು ಕೈ ಅದ್ದಿಟ್ಟುಕೊಂಡು, ಆಮೇಲೆ ಅಂಗಿಯ ಗುಂಡಿ ಹಾಕಿ ನೋಡಿ.

ಈಗ ಸೂಟಿಗೆ ಬರೋಣ. ರಾತ್ರಿ ಲಂಗರು ಹಾಕಿ ನಿಂತಿದ್ದಾಗ ಡೆಕ್ಕಿನ ದೀಪ ಆರಿಸಿ ಡ್ರಿಲ್ ಮಾಡಿಸಿದೆ. ಕ್ಯಾಪ್ಟನ್ ಗೊಣಗಿದರು, ಆದರೂ ಬಿಟ್ಟರು. ಚೀಲ ಬಿಚ್ಚಿದರೆ ರಬ್ಬರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಸೂಟನ್ನು ಡೆಕ್ ಮೇಲೆ ಉದ್ದಕ್ಕೆ ಬಿಡಿಸಿ ಅದರ ಮೇಲೆಯೇ ಕೂರಬೇಕು. ನಿಂತು ಹಾಕಲು ಹೋದವರು ಉರುಳುತ್ತಾರೆ. ಮೊದಲು ಕಾಲು. ಬೂಟು ನಿಯೋಪ್ರೀನ್‌ಗೆ ಅಂಟಿ ಒಳಗೆ ಜಾರುವುದೇ ಇಲ್ಲ. ಇದಕ್ಕೆ ಹಳೇ ಬೋಸನ್‌ಗಳ (ಡೆಕ್ಕಿನ ಕೆಲಸಗಾರರ ಮುಖ್ಯಸ್ಥರ) ಉಪಾಯವೊಂದಿದೆ: ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಏರಿಸಿಕೊಂಡರೆ ಕಾಲು ಸರ್ರನೆ ಇಳಿಯುತ್ತದೆ. ಪ್ರತಿ ಸೂಟಿನ ಚೀಲದೊಳಗೂ ಎರಡೆರಡು ಪ್ಲಾಸ್ಟಿಕ್ ಚೀಲ ಹಾಕಿಡಿಸಿದ್ದೇನೆ. ಕಂಪನಿಯವರು ಇದನ್ನು ತಾವೇ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆಮೇಲೆ ಬಲವಿಲ್ಲದ ಕೈ. ಬಲಗೈಯವರಾದರೆ ಎಡಗೈ ಮೊದಲು ಒಳಗೆ. ಬಲಗೈ ಇನ್ನೂ ಬರಿದಾಗಿರುವಾಗಲೇ ಟೊಪ್ಪಿಗೆಯನ್ನು ತಲೆಗೆ ಎಳೆದು, ಕೂದಲು ಒಳಗೆ ತುರುಕಿ ಸರಿಮಾಡಿಕೊಳ್ಳಬೇಕು. ಎರಡೂ ಕೈ ಗ್ಲೌಸಿನೊಳಗೆ ಹೋದಮೇಲೆ ಟೊಪ್ಪಿಗೆಗೆ ಕೈಹಾಕಿದವನು ಕೆಟ್ಟ. ಗ್ಲೌಸಿಗೆ ಇರುವುದು ಮೂರೇ ಬೆರಳು. ಅದರಲ್ಲಿ ಕಿವಿ ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ. ಕೊನೆಗೆ ಬಲಗೈ, ಜಿಪ್ಪಿನ ದಾರ ಹಿಡಿದು ಗದ್ದದವರೆಗೆ ಎಳೆತ, ಮುಖದ ಮೇಲಿನ ಪಟ್ಟಿ ಅಂಟಿಸುವುದು. ನೀರಿಗೆ ಹೋಗುವ ಮುಂಚೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ಕತ್ತಿನ ಹತ್ತಿರ ಬೆರಳು ಹಾಕಿ ಒಳಗಿನ ಗಾಳಿ ಹೊರಹಾಕಬೇಕು. ಇಲ್ಲದಿದ್ದರೆ ಗಾಳಿಯೆಲ್ಲ ಪಾದಕ್ಕೆ ಸೇರಿ ಕಾಲು ಮೇಲೆ, ತಲೆ ಕೆಳಗೆ.

ಇಷ್ಟೂ ಎರಡು ನಿಮಿಷದೊಳಗೆ, ಯಾರ ಸಹಾಯವೂ ಇಲ್ಲದೆ ಆಗಬೇಕು ಅಂತ ನಿಯಮ. ದೀಪ ಇದ್ದಾಗ ನಮ್ಮಲ್ಲಿ ಬಹುತೇಕ ಎಲ್ಲರೂ ಮುಗಿಸಿದರು. ದೀಪ ಆರಿಸಿದಾಗ ಅರ್ಧದಷ್ಟು ಜನ ಜಿಪ್ಪಿನಲ್ಲೇ ಸಿಕ್ಕಿಬಿದ್ದರು.

ಜಿಪ್ ಈ ಸೂಟಿನ ಅತ್ಯಂತ ಕೆಟ್ಟ ಭಾಗ. ಬಟ್ಟೆಗೆ ಹೊಲಿಗೆ ಅಂಟು ಎಲ್ಲ ಶಿಸ್ತಾಗಿ ಮಾಡಿದವರು ಇಲ್ಲಿ ಯಾಕೆ ಜಿಪುಣತನ ತೋರಿಸಿದರೋ ಗೊತ್ತಿಲ್ಲ. ಹೊಟ್ಟೆಯ ಹತ್ತಿರ ಬಟ್ಟೆ ಮಡಿಚಿಕೊಳ್ಳುವ ಜಾಗದಲ್ಲಿ ಜಿಪ್ ಬಿಗಿಯಾಗಿ ನಿಲ್ಲುತ್ತದೆ. ಎಳೆಯುವ ದಾರ ಗಿಡ್ಡ, ತುದಿಯಲ್ಲೊಂದು ಸಣ್ಣ ಗಂಟು. ಮೂರು ಬೆರಳಿನ ಗ್ಲೌಸಿಗೆ ಆ ಗಂಟು ಸಿಗುವುದೇ ಇಲ್ಲ. ಬೋಸನ್ ಕೊನೆಗೆ ಎಲ್ಲ ಸೂಟಿನ ದಾರಕ್ಕೂ ಒಂದೊಂದು ಮರದ ಗುಂಡು ಕಟ್ಟಿಕೊಟ್ಟ. ಈಗ ಅಂಗೈಯಲ್ಲೇ ಹಿಡಿದು ಎಳೆಯಬಹುದು. ಹಲ್ಲುಗಳಿಗೆ ಜೇನುಮೇಣ ಉಜ್ಜುವುದನ್ನು ತಪ್ಪಿಸಬಾರದು. ಕೆಲವರು ಗ್ರೀಸ್ ಹಚ್ಚುತ್ತಾರೆ. ಅದು ಧೂಳು ಹಿಡಿದು, ಅಂಟನ್ನೂ ರಬ್ಬರನ್ನೂ ಹಾಳುಮಾಡುತ್ತದೆ. ಜಿಪ್ಪನ್ನು ಪೂರ್ತಿ ತೆರೆದೇ ಸೂಟ್ ಸುತ್ತಿಡಬೇಕು. ಮುಚ್ಚಿಟ್ಟ ಜಿಪ್ ತುಕ್ಕು ಹಿಡಿದರೆ ಬೇಕಾದ ದಿನ ತೆರೆಯುವುದಿಲ್ಲ, ಸೂಟಿನೊಳಗೆ ಹೋಗುವ ಬಾಗಿಲೇ ಇಲ್ಲದ ಹಾಗಾಯಿತು.

ಸೈಜಿನದು ಇನ್ನೊಂದು ತಕರಾರು. ‘ಯೂನಿವರ್ಸಲ್’ ಅಂದರೆ ಆರಡಿ ಎತ್ತರದ, ತೊಂಬತ್ತು ಕಿಲೋ ತೂಗುವ ಯುರೋಪಿನವನನ್ನು ಎದುರಿಗಿಟ್ಟುಕೊಂಡು ಕತ್ತರಿಸಿದ್ದು ಅಂತ ಕಾಣುತ್ತದೆ. ಊಟ ಬಡಿಸುವ ಭಟ್ಕಳದ ನಮ್ಮ ಮೆಸ್‌ಮನ್ ಐದಡಿಗೆ ಸ್ವಲ್ಪ ಮೇಲೆ, ಗಾಳಿ ಬಂದರೆ ಹಾರುವ ಹುಡುಗ. ಹಾಕಿಕೊಂಡು ನಿಂತು, “ಚೀಫ್ ಸಾಬ್, ಇದ್ರೊಳಗೆ ನಾನು ಎಲ್ಲಿದ್ದೀನಿ ಹುಡುಕಿ ಹೇಳಿ” ಅಂದ. ಎಲ್ಲರೂ ನಕ್ಕರು. ನಗುವ ವಿಷಯ ಅಲ್ಲ. ಅವನ ಮುಖಕ್ಕೂ ಟೊಪ್ಪಿಗೆಯ ಅಂಚಿಗೂ ನಡುವೆ ಎರಡು ಬೆರಳು ಸಂದಿಯಿತ್ತು. ಅಲೆ ಮುಖಕ್ಕೆ ಹೊಡೆದಾಗ ನೀರು ನೇರ ಒಳಗೆ. ಕೊಳದಲ್ಲಿ ಇಂಥದ್ದು ಅಷ್ಟು ಗೊತ್ತಾಗುವುದಿಲ್ಲ, ಬಿರುಗಾಳಿಯಲ್ಲಿ ಕ್ಷಣಕ್ಷಣವೂ ಗೊತ್ತಾಗುತ್ತದೆ.

ಒಳಗೆ ನೀರು ಹೋದರೆ ಚಳಿ ಹತ್ತುತ್ತದೆ ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ ಇನ್ನೊಂದು ತೊಂದರೆ ಎತ್ತುವವನದು. ಸಮುದ್ರದಲ್ಲಿ ತೇಲುತ್ತಿರುವವರೆಗೆ ಸೂಟಿನೊಳಗಿನ ನೀರಿಗೆ ಭಾರವೇ ಇಲ್ಲ. ಹೆಲಿಕಾಪ್ಟರ್ ಎತ್ತಲು ಶುರುಮಾಡಿದ ಕ್ಷಣ ಅದೆಲ್ಲ ತೂಕವಾಗಿ ಕಾಲಿಗೆ ಇಳಿಯುತ್ತದೆ. ನೆನೆದ ಹತ್ತಿ ಹಾಸಿಗೆಯನ್ನು ಎತ್ತಿ ಬುಟ್ಟಿಯಲ್ಲಿ ಮಡಚಿ ಕೂರಿಸುವ ಕೆಲಸ ಆ ಈಜುಗಾರನಿಗೆ. ಕಾಲು ಬುಟ್ಟಿಯ ಹೊರಗೇ ಉಳಿಯುತ್ತದೆ, ದೇಹ ಬಾಗುವುದಿಲ್ಲ, ಮೇಲಿಂದ ಗಾಳಿ, ಕೆಳಗಿಂದ ಅಲೆ. ಸೈಜು ಸರಿ ಇಲ್ಲದ ಸೂಟ್ ಅಂದರೆ ಬರೀ ಅಸೌಕರ್ಯ ಅಂತ ಸೂಪರಿಂಟೆಂಡೆಂಟ್ ಸಾಹೇಬರು ತಿಳಿದಿದ್ದರೆ ಈ ಪ್ಯಾರಾವನ್ನು ಇನ್ನೊಮ್ಮೆ ಓದಬೇಕು.

ಒಳ್ಳೆಯದನ್ನೂ ಹೇಳಬೇಕು. ಸರಿಯಾಗಿ ಕೂತವರಿಗೆ ಈ ಸೂಟ್ ಅದ್ಭುತವಾಗಿ ತೇಲುತ್ತದೆ. ರಜೆಯಲ್ಲಿ ರಿಫ್ರೆಶರ್ ಕೋರ್ಸಿಗೆ ಹೋದಾಗ ಇದೇ ಮಾದರಿಯದನ್ನು ಹಾಕಿಕೊಂಡು ಕೊಳದಲ್ಲಿ ಬೋರಲು ಬಿದ್ದು ನೋಡಿದೆ. ನಾನು ಏನೂ ಮಾಡದೆ ಅದೇ ಅಂಗಾತ ತಿರುಗಿಸಿತು. ಐದು ಸೆಕೆಂಡಿನಲ್ಲಿ ತಿರುಗಿಸಬೇಕು ಅಂತ ನಿಯಮ, ಅದಕ್ಕೂ ಮುಂಚೆಯೇ ತಿರುಗಿತು. ತಲೆಯ ಹಿಂದಿನ ಗಾಳಿ ದಿಂಬನ್ನು ಬಾಯಿಂದ ಊದಿಕೊಂಡರೆ ಮುಖ ನೀರಿನಿಂದ ಎಷ್ಟೋ ಮೇಲೆ ನಿಲ್ಲುತ್ತದೆ. ಹೊಳೆಯುವ ಟೇಪನ್ನು ಭುಜಕ್ಕೂ ತಲೆಗೂ ಧಾರಾಳವಾಗಿ ಅಂಟಿಸಿದ್ದಾರೆ. ಎದೆಯ ಮೇಲೆ ಎತ್ತುವ ಬಳೆ ಇದೆ, ಎಳೆದು ನೋಡಿದೆ, ಗಟ್ಟಿಯಾಗಿದೆ. ಪಕ್ಕದವನಿಗೆ ಕೊಂಡಿ ಹಾಕಿಕೊಳ್ಳುವ ಹಗ್ಗವೂ ಇದೆ. ಇದು ಸಣ್ಣ ಸಂಗತಿ ಅಲ್ಲ: ಹರಡಿಹೋದ ಹತ್ತು ತಲೆಗಳನ್ನು ಮೇಲಿಂದ ಹುಡುಕುವುದಕ್ಕಿಂತ ಒಟ್ಟಿಗೆ ತೇಲುವ ಹತ್ತು ಜನರನ್ನು ಕಾಣುವುದು ಪೈಲಟ್‌ಗೆ ಸಾವಿರಪಾಲು ಸುಲಭ.

ಸಿಳ್ಳೆಗೆ ಅರ್ಧ ಮಾರ್ಕ್ಸ್ ಕಳೆಯುತ್ತೇನೆ. ಗ್ಲೌಸ್ ಹಾಕಿದ ಕೈಯಲ್ಲಿ ಅದನ್ನು ಜೇಬಿನಿಂದ ತೆಗೆಯಲು ಆಗಲಿಲ್ಲ.

ಈಜುಗಾರ ಬಂದಾಗ ನಾವು ಏನು ಮಾಡಬೇಕು ಅಂತ ಸೂಟಿನ ಚೀಟಿಯಲ್ಲಿ ಒಂದಕ್ಷರವೂ ಇಲ್ಲ. ಇರಬೇಕಿತ್ತು. ಅಮೆರಿಕದ ಕೋಸ್ಟ್ ಗಾರ್ಡ್‌ನಲ್ಲಿ ಇವರನ್ನು ನಾರ್ತ್ ಕ್ಯಾರೊಲಿನಾದ ಎಲಿಜಬೆತ್ ಸಿಟಿಯಲ್ಲಿ ತಿಂಗಳುಗಟ್ಟಲೆ ತಯಾರು ಮಾಡುತ್ತಾರೆ. ಸೇರಿದವರಲ್ಲಿ ಬಹಳಷ್ಟು ಜನ ಅರ್ಧಕ್ಕೇ ಬಿಡುತ್ತಾರೆ. ನೀರಿಗಿಳಿದವನು ತನ್ನ ಕೊಂಡಿ ಕಳಚಿಕೊಂಡು ಈಜಿ ಬರುತ್ತಾನೆ, ಸಾಮಾನ್ಯವಾಗಿ ನಿಮ್ಮ ಬೆನ್ನ ಹಿಂದಿನಿಂದ. ಯಾಕೆಂದರೆ ಹೆದರಿದವನು ಎದುರಿಗೆ ಸಿಕ್ಕವನ ಕುತ್ತಿಗೆಗೆ ಜೋತುಬೀಳುತ್ತಾನೆ. ನೀವು ಸುಮ್ಮನೆ ತೇಲಿಕೊಂಡಿರಬೇಕು. ರೋಟರಿನ ಗಾಳಿ ನೀರನ್ನು ಮುಖಕ್ಕೆ ಎರಚುತ್ತದೆ, ಅವನ ಮಾತು ಕೇಳಿಸುವುದಿಲ್ಲ, ಕೈಸನ್ನೆ ನೋಡಬೇಕು. ಮೇಲಿಂದ ಬರುವ ಬುಟ್ಟಿಯನ್ನಾಗಲಿ ಕೊಕ್ಕೆಯನ್ನಾಗಲಿ ಅದು ನೀರಿಗೆ ತಾಗುವ ಮುಂಚೆ ಮುಟ್ಟಬಾರದು. ಹೆಲಿಕಾಪ್ಟರಿನ ಸ್ಟ್ಯಾಟಿಕ್ ಕರೆಂಟ್ ಹೊಡೆಯುತ್ತದೆ. ಬುಟ್ಟಿಯಲ್ಲಿ ಕೂತಮೇಲೆ ಕೈ ಒಳಗೇ ಇರಲಿ. ಬಾಗಿಲ ಹತ್ತಿರ ಬಂದಾಗ ನೀವಾಗಿಯೇ ಏಳಬೇಡಿ, ಒಳಗಿನವನು ಎಳೆದುಕೊಳ್ಳುತ್ತಾನೆ.

ನಮ್ಮವರಿಗೆ ಇದು ದೂರದ ಮಾತಲ್ಲ. 2004ರ ಡಿಸೆಂಬರ್ 8ರಂದು ಅಲಾಸ್ಕಾದ ಉನಲಾಸ್ಕಾ ದ್ವೀಪದ ಹತ್ತಿರ ‘ಸೆಲೆಂಡಾಂಗ್ ಆಯು’ ಅನ್ನುವ ಮಲೇಷ್ಯಾದ ಬಲ್ಕ್ ಕ್ಯಾರಿಯರ್ ಎಂಜಿನ್ ಕೆಟ್ಟು ದಡದ ಕಡೆ ತೇಲಿಹೋಗುತ್ತಿತ್ತು. ಸೋಯಾಬೀನ್ ತುಂಬಿಕೊಂಡು ಚೀನಾಕ್ಕೆ ಹೊರಟ ಹಡಗು. ಸಿಬ್ಬಂದಿ 26 ಜನ, ಹೆಚ್ಚಿನವರು ಭಾರತ ಮತ್ತು ಫಿಲಿಪ್ಪೀನ್ಸ್‌ನವರು. ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು 18 ಜನರನ್ನು ಮೊದಲೇ ಎತ್ತಿಕೊಂಡವು. ಉಳಿದವರನ್ನು ಕರೆತರಲು ಬಂದ ಹೆಲಿಕಾಪ್ಟರ್‌ನಿಂದ ಈಜುಗಾರ ಡೆಕ್ಕಿಗೆ ಇಳಿದು ಏಳು ಜನರನ್ನು ಮೇಲೆ ಕಳಿಸಿದ. ಅಷ್ಟರಲ್ಲಿ ದೈತ್ಯ ಅಲೆಯೊಂದು ಹಡಗಿಗೆ ಅಪ್ಪಳಿಸಿ ಮೇಲೆದ್ದು ಆ ಹೆಲಿಕಾಪ್ಟರನ್ನೇ ನುಂಗಿತು. ನೀರು ಒಳಬಿಡದ ಡ್ರೈಸೂಟ್ ಹಾಕುವ ಹೆಲಿಕಾಪ್ಟರ್ ಸಿಬ್ಬಂದಿ ಮೂವರೂ ಬದುಕಿದರು. ಹಡಗಿನ ಏಳು ಜನರಲ್ಲಿ ಉಳಿದಿದ್ದು ಒಬ್ಬ. ಡೆಕ್ ಮೇಲೆ ಕ್ಯಾಪ್ಟನ್ ಜೊತೆ ಉಳಿದುಬಿಟ್ಟ ಈಜುಗಾರನ ಕಾಲಡಿಯ ಹಡಗೇ ಎರಡು ತುಂಡಾಯಿತು. ಆಮೇಲೆ ಬಂದ ಹೆಲಿಕಾಪ್ಟರ್ ಅವರಿಬ್ಬರನ್ನೂ ಎತ್ತಿತು. ಸರಕು ಹಡಗಿನಲ್ಲಿ ತಲೆಗೊಂದು ಸೂಟ್ ಇರಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದದ್ದು ಇದಾದಮೇಲೆ, 2006ರ ಜುಲೈನಲ್ಲಿ.

ಊರಿಗೆ ಬಂದಾಗ ನನ್ನ ದೊಡ್ಡಪ್ಪನ ಮಗ ಕೇಳಿದ: “ತಮ್ಮಾ, ನಮ್ಮ ಬೋಟಿಗೂ ಇಂಥದ್ದು ನಾಲ್ಕು ತರಿಸಿಕೊಡ್ತೀಯೇನೋ?” ಬೇಡ ಅಣ್ಣಾ ಅಂದೆ. ಅರಬ್ಬಿ ಸಮುದ್ರದ ನೀರು ಬೆಚ್ಚಗಿರುತ್ತದೆ, ಇದನ್ನು ಹಾಕಿಕೊಂಡು ಬಲೆ ಎಳೆದರೆ ಬೆವರಲ್ಲೇ ಮುಳುಗುತ್ತೀರಿ. ತದಡಿ, ಮಲ್ಪೆ, ಗಂಗೊಳ್ಳಿ ಬೋಟಿಗೆ ಬೇಕಾದದ್ದು ಸದಾ ಮೈಮೇಲಿರುವ ಒಂದು ಲೈಫ್‌ಜಾಕೆಟ್, ಇಸ್ರೋದವರು ಮಾಡಿದ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್, ಫೋನಿನಲ್ಲಿ ಕೋಸ್ಟ್ ಗಾರ್ಡಿನ 1554. ಟ್ರಾನ್ಸ್‌ಮಿಟರಿನ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಹೋಗುತ್ತದೆ. ಹೊಸ ಮಾದರಿಯಲ್ಲಿ ‘ಸುದ್ದಿ ಮುಟ್ಟಿತು’ ಅಂತ ಮರುಉತ್ತರವೂ ಬರುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿ ಆಚೆ ಬಂಡೆಗೆ ಸಿಕ್ಕಿದ ‘ಕೋರಮಂಡಲ್ ಸಪೋರ್ಟರ್’ ಟಗ್ಗಿನ ಒಂಬತ್ತು ಜನರನ್ನು ಕೋಸ್ಟ್ ಗಾರ್ಡಿನ ‘ವರಾಹ’ ಹಡಗು ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಉಳಿಸಿದ್ದನ್ನು ನಮ್ಮ ಕರಾವಳಿಯವರು ಟಿವಿಯಲ್ಲಿ ನೋಡಿದ್ದಾರೆ. ಅಲ್ಲಿ ಕೊಂದಿದ್ದರೆ ಕೊಲ್ಲುತ್ತಿದ್ದದ್ದು ಅಲೆ ಮತ್ತು ಬಂಡೆ, ಚಳಿಯಲ್ಲ. ಬರುವವರಿಗೂ ಅಪಾಯ ಕಡಿಮೆಯೇನಿಲ್ಲ: 2024ರ ಸೆಪ್ಟೆಂಬರಿನಲ್ಲಿ ಪೋರಬಂದರಿನ ಆಚೆ ‘ಹರಿ ಲೀಲಾ’ ಟ್ಯಾಂಕರ್‌ನ ಗಾಯಾಳುವನ್ನು ತರಲು ಹೋದ ನಮ್ಮ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಇಬ್ಬರು ಪೈಲಟ್‌ಗಳೂ ಒಬ್ಬ ಡೈವರೂ ತೀರಿಕೊಂಡರು.

ಒಟ್ಟು ಮಾರ್ಕ್ಸ್ ಕೇಳಿದರೆ ಐದಕ್ಕೆ ಮೂರು. ಬಟ್ಟೆಗೆ, ತೇಲುವಿಕೆಗೆ ಪೂರ್ತಿ ಕೊಡುತ್ತೇನೆ. ಜಿಪ್ಪಿಗೂ ಸೈಜಿಗೂ ಕಡಿತ. ಇದೇ ಬೇಕಾಗಿ ಬಂದರೆ ಸೂಪರಿಂಟೆಂಡೆಂಟ್‌ಗಳು ದಯವಿಟ್ಟು ಸಿಬ್ಬಂದಿಯ ಎತ್ತರದ ಪಟ್ಟಿ ತರಿಸಿಕೊಂಡು ಸ್ಮಾಲ್ ಸೈಜನ್ನೂ ಸೇರಿಸಿ ಆರ್ಡರ್ ಮಾಡಿ. ನಮ್ಮ ಮೆಸ್‌ಮನ್‌ಗೆ ಬೇರೆಯದನ್ನು ಕಳಿಸಿ ಅಂತ ರಿಕ್ವಿಸಿಷನ್ ಹಾಕಿದ್ದೇನೆ, ‘ಮುಂದಿನ ಬಂದರಿನಲ್ಲಿ’ ಅಂತ ಉತ್ತರ ಬಂದಿದೆ. ಹುಡುಗರು ಮಾಡಬೇಕಾದದ್ದು ಇಷ್ಟು: ಹಡಗು ಸೇರಿದ ದಿನವೇ ಚೀಲ ಬಿಚ್ಚಿ, ಜಿಪ್ ಮೇಲೆ ಕೆಳಗೆ ಎಳೆದು ನೋಡಿ, ಸೂಟಿಗೆ ಸಿಕ್ಕಿಸಿದ ದೀಪದ ಬ್ಯಾಟರಿಯ ತಾರೀಕು ಓದಿ, ಮೇಣ ಇಲ್ಲದಿದ್ದರೆ ಥರ್ಡ್ ಆಫೀಸರ್‌ನ ಪ್ರಾಣ ತಿನ್ನಿ. ಮೂರು ವರ್ಷಕ್ಕೊಮ್ಮೆ ಗಾಳಿ ತುಂಬಿಸಿ ಸೋರಿಕೆ ನೋಡಿದ ಸರ್ಟಿಫಿಕೇಟ್ ಇದೆಯಾ ಅಂತಲೂ ಕೇಳಿ. ಹತ್ತು ವರ್ಷ ದಾಟಿದ ಸೂಟಾದರೆ ಅದಕ್ಕಿಂತ ಬೇಗಬೇಗ ಆಗಿರಬೇಕು. ಮತ್ತೆ ಆ ಚೀಲದ ಮೇಲೆ ಸೂಟ್‌ಕೇಸ್ ಇಡಬೇಡಿ, ಮಡಿಕೆ ಬಿದ್ದಲ್ಲೇ ಅಂಟು ಬಿಡುತ್ತದೆ.